ಹಳೇ ಗಾಡಿಗೆ ಹೊಸ ಇಂಜಿನ್ನು; ಬ್ರೇಕು ಮಾತ್ರ ಅಜ್ಜನ ಕಾಲದ್ದು!

ಸಕಲೇಶಪುರದ ಕಡೆಯಿಂದ ಶುಂಠಿ ಮೂಟೆ ಹೊತ್ತು ಹಾಸನಕ್ಕೆ ಬರುವ ಪಿಕಪ್ ಗಾಡಿಗಳನ್ನು ಒಂದು ಗಳಿಗೆ ನಿಂತು ನೋಡಬೇಕು. ಬಾಗಿಲಿಗೆ ತಂತಿ ಬಿಗಿದಿದೆ. ಬಾನೆಟ್ಟಿನ ಬಣ್ಣ ಹಾರಿ ತಗಡು ಕಾಣುತ್ತಿದೆ. ನಂಬರ್ ಪ್ಲೇಟು ಓದಿದರೆ ಗಾಡಿಗೆ ಇಪ್ಪತ್ತು ವರ್ಷವಾದರೂ ಆಗಿದೆ ಎಂದು ಗೊತ್ತಾಗುತ್ತದೆ. ಆದರೆ ದಿಬ್ಬ ಬಂತೆಂದರೆ ಹೊಸ ಕಾರನ್ನೇ ಹಿಂದೆ ಹಾಕಿ ಭರ್ರನೆ ಏರಿ ಹೋಗುತ್ತದೆ! ಬಸ್ಸಿನ ಕಿಟಕಿ ಪಕ್ಕ ಕೂತವರು "ಎಲಾ ಇವ್ನ, ಮುದುಕನಿಗೆ ಯೌವನ ಬಂತಲ್ಲ" ಎಂದು ಬೆರಗಾಗುತ್ತಾರೆ. ಯೌವನ ಬಂದದ್ದೇನೋ ನಿಜ. ಆದರೆ ಬಂದದ್ದು ಎದೆಗೆ ಮಾತ್ರ, ಕೈಕಾಲಿಗೆ ಬಂದಿಲ್ಲ.

ಇದರಲ್ಲಿ ಗುಟ್ಟೇನೂ ಇಲ್ಲ, ಎಲ್ಲರಿಗೂ ಗೊತ್ತು. ಹಳೇ ಇಂಜಿನ್ನು ಆಯಿಲ್ ಕುಡಿಯುತ್ತದೆ, ಹೊಗೆ ಉಗುಳುತ್ತದೆ, ದಿಬ್ಬದಲ್ಲಿ ಏದುಸಿರು ಬಿಡುತ್ತದೆ. ಮಾಲೀಕ ಮೇಸ್ತ್ರಿಯ ಹತ್ತಿರ ಹೋಗುತ್ತಾನೆ. "ಬೋರ್ ಹೊಡೆಸಿ, ಪಿಸ್ಟನ್ ಹಾಕಿ, ಕ್ರ್ಯಾಂಕ್ ಗ್ರೈಂಡ್ ಮಾಡ್ಸಿ ಎಷ್ಟು ದಿನ ತಳ್ತೀಯ ಅಣ್ಣ? ಗುಜರೀಲಿ ಒಂದು ಟರ್ಬೋ ಇಂಜಿನ್ ಐತೆ, ಕೂರಿಸಿಬಿಡಾಣ" ಎನ್ನುತ್ತಾನೆ ಮೇಸ್ತ್ರಿ. ಅಪಘಾತವಾಗಿ ಮುದ್ದೆಯಾದ ಯಾವುದೋ ಜೀಪಿನ ಇಂಜಿನ್ನು ಬರುತ್ತದೆ. ಲೇತಿನಲ್ಲಿ ಒಂದು ಪ್ಲೇಟು ತಯಾರಾಗುತ್ತದೆ, ಇಂಜಿನ್ ಕೂರುವ ಕಡೆ ಚಾಸಿಗೆ ನಾಲ್ಕು ವೆಲ್ಡಿಂಗು ಬೀಳುತ್ತದೆ. ವಾರದೊಳಗೆ ಗಾಡಿ ಮಂಡಿಯ ಮುಂದೆ ನಿಂತಿರುತ್ತದೆ.

ಮಾಲೀಕನಿಗೆ ಖುಷಿ, ಮೇಸ್ತ್ರಿಗೆ ಹೆಸರು. ಬೆಳಗ್ಗೆ ಹತ್ತಕ್ಕೆ ಬರುತ್ತಿದ್ದ ಮಾಲು ಎಂಟೂವರೆಗೇ ಬಂತಲ್ಲ ಎಂದು ಅಂಗಡಿಯವರಿಗೂ ಸಂತೋಷ. ಹಾಗಾದರೆ ತಕರಾರು ಎಲ್ಲಿ?

ತಕರಾರು ಎರಡು ಕಡೆ ಇದೆ. ಒಂದು ಚಕ್ರದಲ್ಲಿ, ಇನ್ನೊಂದು ಕಾಗದದಲ್ಲಿ.

ಹಳೇ ಪದ್ಧತಿಯೇ ಹೌದು

ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಇಂಜಿನ್ನು ಬದಲಿಸುವುದು ಈ ದೇಶಕ್ಕೆ ಹೊಸ ಚಾಳಿಯಲ್ಲ. 1947ರಲ್ಲಿ ಮಹೀಂದ್ರ ಕಂಪನಿ ಬೊಂಬಾಯಿಯಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಶುರು ಮಾಡಿತು. ಮುಂದೆ ಬಹಳ ಕಾಲ ಈ ಜೀಪುಗಳು ಪೆಟ್ರೋಲ್ ಇಂಜಿನ್ನಿನಲ್ಲೇ ಓಡಿದವು. 1973ರ ತೈಲ ಬಿಕ್ಕಟ್ಟಿನ ತರುವಾಯ ಪೆಟ್ರೋಲ್ ದರ ಏರಿದಾಗ ಜೀಪಿನವರೂ ಅಂಬಾಸಿಡರ್ ಟ್ಯಾಕ್ಸಿಯವರೂ ಡೀಸೆಲ್ ಇಂಜಿನ್ನಿನ ಕಡೆ ತಿರುಗಿದರು. ಊರೂರಿನ ಗ್ಯಾರೇಜಿನಲ್ಲಿ ಪೆಟ್ರೋಲ್ ಇಂಜಿನ್ನು ಇಳಿಸಿ ಡೀಸೆಲ್ ಏರಿಸಿದರು. ಮಲೆನಾಡಿನ ಕಾಫಿ ತೋಟಗಳಲ್ಲಿ ಇಂಥ ಜೀಪುಗಳು ಒಂದು ತಲೆಮಾರು ದುಡಿದವು.

ಆದರೆ ಆ ಬದಲಾವಣೆಗೂ ಈಗಿನದಕ್ಕೂ ಒಂದು ವ್ಯತ್ಯಾಸವಿದೆ. ಅಂದಿನ ಡೀಸೆಲ್ ಇಂಜಿನ್ನು ಗಾಡಿಯನ್ನು ನಿಧಾನ ಮಾಡುತ್ತಿತ್ತು. ಗಡಗಡ ಸದ್ದು ಜಾಸ್ತಿ, ಓಟ ಕಮ್ಮಿ. ಪೆಟ್ರೋಲಿನ ವೇಗಕ್ಕೆ ಮಾಡಿದ ಬ್ರೇಕಿಗೆ ಅದು ಹೊರೆಯಾಗಲಿಲ್ಲ. ಇಂದು ಆಗುತ್ತಿರುವುದು ತಿರುಗುಮುರುಗು. ಹಳೇ ಜೀಪು, ಪಿಕಪ್ಪುಗಳ ಡೀಸೆಲ್ ಇಂಜಿನ್ನಿನ ತಾಕತ್ತು ಅರವತ್ತು ಕುದುರೆ ಶಕ್ತಿಯ ಆಸುಪಾಸು. 2009ರಿಂದ ಸ್ಕಾರ್ಪಿಯೋ ಗಾಡಿಗೆ ಬಂದ 2.2 ಲೀಟರಿನ ಇಂಜಿನ್ನಿನ ತಾಕತ್ತು 120 ಕುದುರೆ. ಅಂದರೆ ಎರಡು ಪಟ್ಟು! ಒಂದು ಜೊತೆ ಎತ್ತು ಎಳೆಯುತ್ತಿದ್ದ ಗಾಡಿಗೆ ಅದೇ ನೊಗ, ಅದೇ ಕೀಲು, ಅದೇ ಅಚ್ಚು ಇಟ್ಟುಕೊಂಡು ಎರಡು ಜೊತೆ ಕಟ್ಟಿದ ಹಾಗೆ.

ಓಡುವ ಲೆಕ್ಕ ಬೇರೆ, ನಿಲ್ಲುವ ಲೆಕ್ಕ ಬೇರೆ

ಬಡ್ಡಿ, ಚಕ್ರಬಡ್ಡಿ ಎರಡರ ವ್ಯತ್ಯಾಸ ತಿಳಿದ ಅಂಗಡಿಯವರಿಗೆ ಈ ಲೆಕ್ಕ ಕಷ್ಟವೇನಲ್ಲ. ಗಾಡಿಯ ವೇಗ 50 ಕಿಲೋಮೀಟರಿನಿಂದ 70ಕ್ಕೆ ಏರಿತು ಅನ್ನಿ. ಹೆಚ್ಚಿದ್ದು ಬರೀ 20. ಆದರೆ ನಿಲ್ಲಿಸುವಾಗ ಬ್ರೇಕು ನುಂಗಿಕೊಳ್ಳಬೇಕಾದ ಶಕ್ತಿ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. 50 ಹೋಗಿ 100 ಆದರೆ ನಾಲ್ಕರಷ್ಟು. ವೇಗ ಬಡ್ಡಿಯ ಹಾಗೆ ಏರಿದರೆ ಅಪಾಯ ಚಕ್ರಬಡ್ಡಿಯ ಹಾಗೆ ಏರುತ್ತದೆ.

ಇದು ಬ್ರೇಕು ಹಿಡಿದ ಮೇಲಿನ ಮಾತು. ಎದುರಿಗೆ ದನವೋ ಮಗುವೋ ಅಡ್ಡ ಬಂದಾಗ ಡ್ರೈವರಿನ ಕಾಲು ಪೆಡಲಿಗೆ ಹೋಗಲು ಒಂದು ಸೆಕೆಂಡಾದರೂ ಬೇಕು. ಆ ಒಂದು ಸೆಕೆಂಡಿನಲ್ಲಿ 50ರ ವೇಗದ ಗಾಡಿ 14 ಮೀಟರು ದಾಟಿರುತ್ತದೆ, 70ರ ಗಾಡಿ 19 ಮೀಟರು ದಾಟಿರುತ್ತದೆ. ಐದು ಮೀಟರು ಅಂದರೆ ಕಾರಿಗಿಂತ ಉದ್ದ. ಬಸ್ ಸ್ಟಾಪಿನಲ್ಲಿ ರಸ್ತೆಗೆ ಎರಡು ಹೆಜ್ಜೆ ಮುಂದೆ ನಿಂತು ಕೈ ತೋರಿಸುವವರು ಈ ಐದು ಮೀಟರನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಹಳೇ ಗಾಡಿಗಳ ಬ್ರೇಕು ಹೆಚ್ಚಾಗಿ ಡ್ರಮ್ ಬ್ರೇಕು. ಮುಚ್ಚಿದ ಡಬ್ಬಿಯೊಳಗೆ ಲೈನರು ಉಜ್ಜಿ ಉಜ್ಜಿ ಕಾಯುತ್ತದೆ, ಕಾವು ಬೇಗ ಹೊರಗೆ ಹೋಗುವುದಿಲ್ಲ. ಬಯಲು ರಸ್ತೆಯಲ್ಲಿ ಇದು ತಿಳಿಯುವುದಿಲ್ಲ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ, ಬೆನ್ನ ಮೇಲೆ ಒಂದೂವರೆ ಟನ್ನು ಆಲೂಗಡ್ಡೆ ಇರುವಾಗ, ಆಗ ತಿಳಿಯುತ್ತದೆ. ಪೆಡಲು ತುಳಿದಷ್ಟೂ ಹಿಡಿತ ಸಡಿಲವಾಗುತ್ತದೆ. ಅನುಭವಸ್ಥ ಡ್ರೈವರುಗಳು ಇದನ್ನು ಬಲ್ಲರು. ಅವರು ಘಾಟಿ ಹತ್ತಿದ ಗೇರಿನಲ್ಲೇ ಘಾಟಿ ಇಳಿಯುತ್ತಾರೆ, ಇಂಜಿನ್ನನ್ನೇ ಬ್ರೇಕು ಮಾಡಿಕೊಳ್ಳುತ್ತಾರೆ. ಆದರೆ ದಿಬ್ಬವನ್ನು ಟಾಪ್ ಗೇರಿನಲ್ಲೇ ಹತ್ತಿಸುವ ಇಂಜಿನ್ನು ಸಿಕ್ಕಿದ ಹುಡುಗನಿಗೆ ಎರಡನೇ ಗೇರಿನಲ್ಲಿ ಇಳಿ ಎಂದು ಹೇಳುವವರು ಯಾರು?

ಇನ್ನೊಂದು ಸೂಕ್ಷ್ಮವಿದೆ, ಅದನ್ನು ಬಹಳ ಮಂದಿ ಮರೆಯುತ್ತಾರೆ. ಬ್ರೇಕಿಗೆ ಬೂಸ್ಟರ್ ಇರುವ ಡೀಸೆಲ್ ಗಾಡಿಗಳಲ್ಲಿ ಅದಕ್ಕೆ ಬೇಕಾದ ವ್ಯಾಕ್ಯೂಮ್ ತಾನಾಗಿ ಸಿಗುವುದಿಲ್ಲ. ಇಂಜಿನ್ನಿನ ಜೊತೆ ತಿರುಗುವ ಒಂದು ಪಂಪಿನಿಂದ ಬರಬೇಕು. ಎಷ್ಟೋ ಗಾಡಿಗಳಲ್ಲಿ ಅದು ಆಲ್ಟರ್‌ನೇಟರಿನ ಬೆನ್ನಿಗೇ ಇರುತ್ತದೆ. ಇಂಜಿನ್ನು ಬದಲಿಸುವಾಗ ಆ ಪಂಪು ಇದ್ದರೂ ಪೈಪು ಸರಿಯಾಗಿ ಕೂರದಿದ್ದರೆ, ಹಳೇ ರಬ್ಬರು ಪೈಪೇ ಸಾಕು ಎಂದು ಕ್ಲಿಪ್ಪು ಬಿಗಿದರೆ, ಒಂದು ದಿನ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದು ಎಲ್ಲಿ ಗಟ್ಟಿಯಾಗುತ್ತದೆ ಎಂಬುದೇ ಪ್ರಶ್ನೆ. ಶೆಡ್ಡಿನ ಮುಂದೆ ಆದರೆ ಪುಣ್ಯ.

ಬ್ರೇಕಿನ ಕಥೆ ಹೀಗಾದರೆ ಉಳಿದ ಅಂಗಾಂಗಗಳ ಕಥೆಯೂ ಅದೇ. ಎಳೆಯುವ ಬಲ ಹೆಚ್ಚಾದರೆ ಮೊದಲು ಕ್ಲಚ್ ಪ್ಲೇಟು ಸುಡುತ್ತದೆ, ಆಮೇಲೆ ಗೇರ್ ಬಾಕ್ಸು ಕೂಗುತ್ತದೆ, ಆಮೇಲೆ ಜಾಯಿಂಟು, ಕ್ರೌನ್ ಪಿನಿಯನ್ನು. ಕೊನೆಗೆ ವೆಲ್ಡಿಂಗ್ ಬಿದ್ದ ಜಾಗದಲ್ಲೇ ಚಾಸಿ ಬಿರುಕು ಬಿಡುತ್ತದೆ. ಹಳೇ ರೇಡಿಯೇಟರು ಹೊಸ ಇಂಜಿನ್ನಿನ ಕಾವು ತಡೆಯದೆ ಕುದಿಯುತ್ತದೆ. ಹೊಸ ಕಾಮನ್ ರೈಲ್ ಇಂಜಿನ್ನಿನಲ್ಲಿ ಡೀಸೆಲು ಸಾವಿರ ಬಾರ್ ದಾಟಿದ ಒತ್ತಡದಲ್ಲಿ ನುಗ್ಗುತ್ತದೆ. ಕಾರಿನ ಟೈರಿನ ಗಾಳಿ ಎರಡು, ಎರಡೂವರೆ ಬಾರ್ ಅಷ್ಟೇ. ಅಂಥ ಇಂಜಿನ್ನಿಗೆ ಕಸ ಕೂತ ಹಳೇ ಟ್ಯಾಂಕಿನ ಡೀಸೆಲು ಕುಡಿಸಿದರೆ ಇಂಜೆಕ್ಟರು ಎಷ್ಟು ದಿನ ಬಾಳುತ್ತದೆ? ಇಂಜಿನ್ನಿನ ಮಿದುಳಾದ ಕಂಪ್ಯೂಟರ್ ಡಬ್ಬಿಗೆ ಹಳೇ ವೈರಿಂಗಿನಿಂದ ಕರೆಂಟು ಎಳೆದರೆ, ನಡುರಾತ್ರಿ ನಡುಘಾಟಿಯಲ್ಲಿ ಅದು ಮುನಿಸಿಕೊಳ್ಳುತ್ತದೆ. ಆಗ ಸ್ಪ್ಯಾನರು ಹಿಡಿದ ಮೇಸ್ತ್ರಿಯಿಂದ ಏನೂ ಆಗುವುದಿಲ್ಲ, ಸ್ಕ್ಯಾನರು ಬೇಕು.

ಹೊಸ ಇಂಜಿನ್ನು ಹೊಗೆ ಕಮ್ಮಿ ಬಿಡುತ್ತದಲ್ಲ ಎಂಬ ವಾದವೂ ಇದೆ. 2017ರ ಏಪ್ರಿಲಿನಿಂದ ದೇಶಕ್ಕೆಲ್ಲ ಭಾರತ್ ಸ್ಟೇಜ್ 4, 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6 ಬಂತು. ಹೊಸ ಗಾಡಿಗಳ ಹೊಗೆ ಕಮ್ಮಿಯಾದದ್ದು ಸತ್ಯ. ಆದರೆ ಆ ಹೊಗೆ ಕಮ್ಮಿ ಮಾಡುವುದು ಬರೀ ಇಂಜಿನ್ನಲ್ಲ. ಸೈಲೆನ್ಸರಿನ ಫಿಲ್ಟರು, ಸೆನ್ಸರು, ವಾಲ್ವು ಎಲ್ಲ ಸೇರಿ ಮಾಡುವ ಕೆಲಸ ಅದು. ಗುಜರಿಯಿಂದ ಇಂಜಿನ್ನು ಬರುತ್ತದೆ, ಇವು ಬರುವುದಿಲ್ಲ. ಬಂದರೂ "ಇದೆಲ್ಲ ರಗಳೆ" ಎಂದು ಕಿತ್ತು ಮೂಲೆಗೆ ಎಸೆಯುವುದೇ ಜಾಸ್ತಿ.

ಕಾಗದದ ಕಥೆ

ಈಗ ಕಾಗದಕ್ಕೆ ಬರೋಣ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಗಾಡಿಯ ಮಾರ್ಪಾಟಿನ ಕುರಿತದ್ದು. ಮೊದಲು ಅದರಲ್ಲಿ ನೋಟೀಸು ಕೊಟ್ಟು, ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆದು ಮಾರ್ಪಾಟು ಮಾಡಲು ದಾರಿ ಇತ್ತು. 2000ನೇ ಇಸವಿಯ ತಿದ್ದುಪಡಿಯಲ್ಲಿ ಅದು ಬಿಗಿಯಾಯಿತು. ತಯಾರಕರು ಮೂಲದಲ್ಲಿ ಹೇಳಿದ ವಿವರಕ್ಕೂ ಆರ್.ಸಿ.ಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ಯಾರೂ ಗಾಡಿ ಬದಲಿಸಬಾರದು ಎಂದಾಯಿತು. 2019ರ ಜನವರಿ 9ರಂದು, ಕೇರಳದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಮಾತನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಬಂತು. ಕಾಯಿದೆ ಒಪ್ಪದ ಮಾರ್ಪಾಟಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೆ ಎರಡೂ.

ಅದೇ ತಯಾರಕರ ಅದೇ ಮಾದರಿಯ ಇಂಜಿನ್ನು ಹಾಕಿಸಿಕೊಂಡು, ಒಪ್ಪಿಗೆ ಪಡೆದು, ಹೊಸ ನಂಬರನ್ನು ಆರ್.ಸಿ.ಗೆ ಏರಿಸಿಕೊಂಡರೆ ತೊಂದರೆ ಇಲ್ಲ. ಬೇರೆ ಜಾತಿಯ ಇಂಜಿನ್ನು ಹಾಕಿಸಿದರೆ ಕಾಗದದಲ್ಲಿ ಒಂದು ಗಾಡಿ, ರಸ್ತೆಯಲ್ಲಿ ಇನ್ನೊಂದು ಗಾಡಿ ಆಗುತ್ತದೆ.

"ಅದಕ್ಕೇನಂತೆ, ಎಫ್.ಸಿ. ಆಗ್ತಾ ಐತಲ್ಲ" ಎನ್ನುವವರಿದ್ದಾರೆ. ಎಂಟು ವರ್ಷ ದಾಟಿದ ಸಾರಿಗೆ ಗಾಡಿಗೆ ವರ್ಷಕ್ಕೊಮ್ಮೆ ಎಫ್.ಸಿ. ಆಗಲೇಬೇಕು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲು ಉಜ್ಜಿ ಅಚ್ಚು ತೆಗೆಯುತ್ತಾರೆ. ಅದೇ ಪೆನ್ಸಿಲು ಇಂಜಿನ್ ನಂಬರಿನ ಮೇಲೂ ಆಡಿದರೆ ಇಂಥ ಗಾಡಿ ಆ ಗೇಟು ದಾಟುವುದು ಹೇಗೆ? ದಾಟಿದೆ ಎಂದರೆ ಪೆನ್ಸಿಲು ಅಲ್ಲಿಗೆ ಹೋಗಲಿಲ್ಲ ಎಂದೇ ಅರ್ಥ. ಯಾಕೆ ಹೋಗಲಿಲ್ಲ ಎಂಬುದನ್ನು ಬಲ್ಲವರೇ ಹೇಳಬೇಕು.

ಗುಜರಿ ಇಂಜಿನ್ನಿನ ಬ್ಲಾಕಿನ ಮೇಲೂ ಒಂದು ನಂಬರು ಕೆತ್ತಿರುತ್ತದೆ. ಅದು ಯಾವ ಗಾಡಿಯದು, ಆ ಗಾಡಿ ಅಪಘಾತದ್ದೋ ಕಳವಿನದ್ದೋ ಎಂದು ಬಿಲ್ಲಿಲ್ಲದೆ ಕೊಂಡವನಿಗೆ ಗೊತ್ತಿರುವುದಿಲ್ಲ. ನಾಳೆ ಪೋಲೀಸರು ಕೇಳಿದಾಗ "ಮೇಸ್ತ್ರಿ ಕೊಟ್ಟ ಸಾರ್" ಎಂದರೆ ಅದು ಉತ್ತರವಾಗುವುದಿಲ್ಲ.

ನಿಜವಾದ ಪೆಟ್ಟು ಬೀಳುವುದು ವಿಮೆಯಲ್ಲಿ. ಗಾಡಿ ಜಖಂ ಆದಾಗ ವಿಮೆಯ ಸರ್ವೇಯರು ಬಂದು ಬಾನೆಟ್ ಎತ್ತುತ್ತಾನೆ. ಎಫ್.ಸಿ.ಯಲ್ಲಿ ಕಾಣದಿದ್ದ ನಂಬರು ಅವನಿಗೆ ತಪ್ಪದೆ ಕಾಣುತ್ತದೆ! ಮಾಲೀಕನ ಕ್ಲೇಮು ಅಲ್ಲಿಗೇ ನಿಲ್ಲಬಹುದು. ದಾರಿಹೋಕನಿಗೆ ಪೆಟ್ಟಾದ ಮೊಕದ್ದಮೆಯಲ್ಲಿ ಪಾಲಿಸಿಯ ಷರತ್ತು ಮುರಿದದ್ದು ಸಾಬೀತಾದರೆ, ವಿಮೆಯವರು ಮೊದಲು ಪರಿಹಾರ ಕಟ್ಟಿ ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಕೋರ್ಟುಗಳು ಹೇಳುವುದುಂಟು. ಆಗ ಹೋಗುವುದು ಗಾಡಿ ಮಾತ್ರವಲ್ಲ, ಮನೆ, ಎರಡೆಕರೆ ಜಮೀನೂ ಹೋಗಬಹುದು.

ಹಿಂದೆ ನಿಂತು ಹೋಗುವ ಕೂಲಿಯವರ ಗತಿ ಇನ್ನೂ ಕೆಟ್ಟದ್ದು. ಬೆಳಗಾದರೆ ತೋಟಕ್ಕೆ, ಶುಂಠಿ ಹೊಲಕ್ಕೆ ಹೆಂಗಸರನ್ನು ಕುರಿಯಂತೆ ತುಂಬಿಕೊಂಡು ಹೋಗುವ ಪಿಕಪ್ಪುಗಳನ್ನು ಕಾಣದವರಿಲ್ಲ. ಸಾಮಾನು ಗಾಡಿಯಲ್ಲಿ ಹೀಗೆ ಹೋಗುವವರಿಗೆ ವಿಮಾ ಕಂಪನಿ ಜವಾಬ್ದಾರಿಯಲ್ಲ ಎಂದು 2002ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. 1994ರ ತಿದ್ದುಪಡಿಯಿಂದ ರಕ್ಷಣೆ ಸಿಕ್ಕಿದ್ದು ಸಾಮಾನಿನ ಜೊತೆ ಹೋಗುವ ಅದರ ಮಾಲೀಕನಿಗೆ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ಮಾತ್ರ. ಆಲೂಗಡ್ಡೆ ಮೂಟೆಯ ಧಣಿಗೆ ವಿಮೆ ಉಂಟು, ಆಲೂಗಡ್ಡೆ ಅಗೆದವಳಿಗೆ ಇಲ್ಲ! ಅಂಥ ಗಾಡಿಗೆ ಎರಡು ಪಟ್ಟು ತಾಕತ್ತಿನ ಇಂಜಿನ್ನು ಕೂರಿಸುವವರು ಈ ಮಾತನ್ನು ಒಮ್ಮೆ ಯೋಚಿಸಬೇಕು.

ಬಡಪಾಯಿ ಏನು ಮಾಡಬೇಕು?

ಇಷ್ಟು ಓದಿ "ಹಿಡೀರಿ, ದಂಡ ಹಾಕ್ರಿ, ಗಾಡಿ ಗುಜರಿಗೆ ಹಾಕ್ರಿ" ಎಂದು ಕೂಗುವವರಿದ್ದರೆ ಅವರು ಒಂದು ನಿಮಿಷ ತಡೆಯಲಿ. ಒಂದೇ ಪಿಕಪ್ಪು ಇಟ್ಟುಕೊಂಡು ಬದುಕುವವನು ಶೋಕಿಗೆ ಇಂಜಿನ್ನು ಬದಲಿಸುವುದಿಲ್ಲ. ಹಳೇ ಇಂಜಿನ್ನಿನ ಬಿಡಿಭಾಗ ಸಿಗುವುದಿಲ್ಲ, ಸಿಕ್ಕಿದ್ದು ಅಸಲಿಯಲ್ಲ. ಹೊಸ ಗಾಡಿಗೆ ಎಂಟು ಹತ್ತು ಲಕ್ಷ ಬೇಕು. ಸಾಲ ತೆಗೆದರೆ ಬಾಡಿಗೆ ಬರಲಿ ಬಿಡಲಿ ತಿಂಗಳ ಕಂತು ತಪ್ಪುವುದಿಲ್ಲ. ಮಂಡಿಯಲ್ಲಿ ದರ ಬಿದ್ದ ವರ್ಷ ಬಾಡಿಗೆಯೂ ಬೀಳುತ್ತದೆ. ಅವನಿಗೆ ಮೇಸ್ತ್ರಿ ತೋರಿಸುವ ದಾರಿ ಬಿಟ್ಟರೆ ಬೇರೆ ದಾರಿ ಸರ್ಕಾರ ತೋರಿಸಿಲ್ಲ.

ಕಾಯಿದೆಯಲ್ಲಿ ದಾರಿಯೇ ಇಲ್ಲವೆ? ಇದೆ. ಆದರೆ ಅದು ಯಾರಿಗೆ ಇದೆ ನೋಡಿ. ಹತ್ತು ಅಥವಾ ಹೆಚ್ಚು ಸಾರಿಗೆ ಗಾಡಿ ಇಟ್ಟುಕೊಂಡವರಿಗೆ, ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿದರೆ, ಅದೇ ಮಾದರಿ ಇಂಜಿನ್ನನ್ನು ಮುಂಚಿತ ಒಪ್ಪಿಗೆಯಿಲ್ಲದೆ ಬದಲಿಸುವ ಸವಲತ್ತು ಅದೇ 52ನೇ ಕಲಮಿನಲ್ಲಿದೆ. ಬದಲಿಸಿ 14 ದಿನದೊಳಗೆ ತಿಳಿಸಿದರೆ ಸಾಕು. ಸಿ.ಎನ್.ಜಿ., ಎಲ್.ಪಿ.ಜಿ., ಬ್ಯಾಟರಿ ಕಿಟ್ಟು ಹಾಕಿಸುವವರಿಗೂ ಬಾಗಿಲು ತೆರೆದಿದೆ. 2022ರ ಆಗಸ್ಟಿನಲ್ಲಿ ಕೇಂದ್ರ ಸಾರಿಗೆ ಮಂತ್ರಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 3.5 ಟನ್ನಿನೊಳಗಿನ ಭಾರತ್ ಸ್ಟೇಜ್ 6 ಗಾಡಿಗಳ ಡೀಸೆಲ್ ಇಂಜಿನ್ನು ಇಳಿಸಿ ಗ್ಯಾಸ್ ಇಂಜಿನ್ನು ಏರಿಸಲು ನಿಯಮ ಮಾಡಿತು. ಅಂದರೆ ಇಂಜಿನ್ನು ಬದಲಿಸುವುದೇ ಪಾಪ ಎಂದು ಸರ್ಕಾರವೂ ಹೇಳುವುದಿಲ್ಲ. ಪರೀಕ್ಷೆ ಮಾಡಿದ ಇಂಜಿನ್ನು, ಒಪ್ಪಿಗೆ ಇರುವ ವರ್ಕ್‌ಷಾಪು, ಬರೆದಿಟ್ಟ ಲೆಕ್ಕ ಇರಬೇಕು ಎನ್ನುತ್ತದೆ. ಸರಿಯಾದ ಮಾತೇ. ಆದರೆ ಅದೇ ಮಾತು ಎರಡು ವರ್ಷದ ಗಾಡಿಗೆ ಆಗುತ್ತದೆ, ಇಪ್ಪತ್ತು ವರ್ಷದ ಗಾಡಿಗೆ ಯಾಕೆ ಆಗಬಾರದು?

2019ರ ತಿದ್ದುಪಡಿಯಲ್ಲಿ, ಮಾರ್ಪಾಟಿಗೆ ಬೇಕಾದ ಷರತ್ತುಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಕೇಂದ್ರ ಸರ್ಕಾರ ತಾನೇ ಇಟ್ಟುಕೊಂಡಿದೆ. ಆ ಅಧಿಕಾರವನ್ನು ಬಳಸಿ ಹಳೇ ಸಣ್ಣ ಸಾಮಾನು ಗಾಡಿಗಳಿಗೆ ಒಂದು ಪಟ್ಟಿ ಮಾಡಲಿ. ಯಾವ ಚಾಸಿಗೆ ಯಾವ ಇಂಜಿನ್ನು ಹೊಂದುತ್ತದೆ, ಜೊತೆಗೆ ಯಾವ ಬ್ರೇಕು, ಯಾವ ಗೇರ್ ಬಾಕ್ಸು, ಯಾವ ರೇಡಿಯೇಟರು ಬದಲಾಗಲೇಬೇಕು ಎಂದು ಬರೆದು ಕೊಡಲಿ. ಪುಣೆಯ ಎ.ಆರ್.ಎ.ಐ. ಸಂಸ್ಥೆಯಲ್ಲಿ ಪರೀಕ್ಷೆ ಮಾಡುವ ಯಂತ್ರವೂ ಇದೆ, ತಜ್ಞರೂ ಇದ್ದಾರೆ. ಒಂದು ಜೋಡಿಯನ್ನು ಒಮ್ಮೆ ಪರೀಕ್ಷಿಸಿದರೆ ಅಂಥ ಸಾವಿರ ಗಾಡಿಗೆ ಅದೇ ಲೆಕ್ಕ. ಊರಿನ ಮೇಸ್ತ್ರಿಗೆ ಒಂದು ತಿಂಗಳ ತರಬೇತಿ, ಒಂದು ಸರ್ಟಿಫಿಕೇಟು ಕೊಟ್ಟರೆ ಕದ್ದು ಮಾಡುವ ಕೆಲಸವನ್ನು ಎದೆ ತಟ್ಟಿ ಮಾಡುತ್ತಾನೆ. ಅವನ ಕೈಯಲ್ಲಿರುವ ವಿದ್ಯೆ ಸುಳ್ಳಲ್ಲ. ಆದರೆ ಆ ವಿದ್ಯೆಗೆ ಅಳತೆಗೋಲು ಕೊಟ್ಟವರಿಲ್ಲ.

ಪಟ್ಟಿ ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ. ಇಂಜಿನ್ನು ಸತ್ತಿದ್ದರೆ ಅದೇ ಮಾದರಿಯದ್ದನ್ನು ಬಿಲ್ಲಿನೊಂದಿಗೆ ತಂದು, ಆರ್.ಟಿ.ಓ. ಕಚೇರಿಯಲ್ಲಿ ಒಪ್ಪಿಗೆ ಪಡೆದು, ನಂಬರು ಬರೆಸಿಕೊಳ್ಳುವುದೇ ಮಾಲೀಕನಿಗೆ ಕ್ಷೇಮ. ಈಗಾಗಲೇ ಬೇರೆ ಇಂಜಿನ್ನು ಕೂರಿಸಿದವರ ಗಾಡಿ ಕಾಯಿದೆಯ ಲೆಕ್ಕಕ್ಕೆ ರಸ್ತೆಗೆ ಬರುವಂಥದ್ದೇ ಅಲ್ಲ. ಅದನ್ನು ಮೂಲ ಮಾದರಿಗೆ ತರುವ ದಾರಿ ಹುಡುಕಲಿ. ತರುವ ತನಕ ಕೂಲಿಯವರನ್ನಂತೂ ಹತ್ತಿಸದಿರಲಿ. ಇಂಜಿನ್ನಿಗೆ ಸುರಿದ ದುಡ್ಡಿನ ಕಾಲುಭಾಗವನ್ನು ಲೈನರು, ಡ್ರಮ್ಮು, ಬ್ರೇಕ್ ಪೈಪಿಗೆ ಹಾಕಲು ಯಾರ ಒಪ್ಪಿಗೆಯೂ ಬೇಕಿಲ್ಲ.

ಅಂಗಡಿಯವರಿಗೂ ಇದರಲ್ಲಿ ಪಾಲಿದೆ. "ಎಂಟಕ್ಕೆ ಬರ್ಲಿಲ್ಲ ಅಂದ್ರೆ ನಾಳೆಯಿಂದ ಬೇರೆ ಗಾಡಿ" ಎಂದು ಗದರುವುದು ಅವರೇ. "ಇನ್ನು ನಾಕು ಮೂಟೆ ಹಾಕ್ಕೊಳಯ್ಯ, ಗಾಡಿ ಏನ್ ಅಳುತ್ತಾ?" ಎನ್ನುವುದೂ ಅವರೇ. ಗಾಡಿ ಅಳುವುದಿಲ್ಲ, ನಿಜ. ಅರ್ಧ ಗಂಟೆ ತಡವಾಗಿ ಬಂದ ಸೊಪ್ಪು ಬಾಡಿದರೂ ಮಾರಾಟವಾದೀತು. ಗುಂಡ್ಯದ ತಿರುವಿನಲ್ಲಿ ಚೆಲ್ಲಿದ ಮಾಲಿಗೆ ಗಿರಾಕಿ ಇಲ್ಲ.

ಇನ್ನು ಸಾರಿಗೆ ಇಲಾಖೆ. ಎಫ್.ಸಿ.ಗೆ ಬಂದ ಹಳೇ ಪಿಕಪ್ಪುಗಳ ಬಾನೆಟ್ ಎತ್ತಿಸಿ ಇಂಜಿನ್ ನಂಬರು ಓದುವುದಕ್ಕೆ ಹೊಸ ಕಾಯಿದೆ ಬೇಡ, ಹೊಸ ಯಂತ್ರ ಬೇಡ, ಒಂದು ಟಾರ್ಚು ಸಾಕು. ತೂಕ ಹೇರಿದ ಗಾಡಿಯನ್ನು ಇಳಿಜಾರಿನಲ್ಲಿ ಒಮ್ಮೆ ನಿಲ್ಲಿಸಿ ತೋರಿಸು ಎಂದು ಡ್ರೈವರನ್ನು ಕೇಳಲು ಐದು ನಿಮಿಷ ಸಾಕು. ಮಳೆ ಹಿಡಿದರೆ ಶಿರಾಡಿ ಘಾಟಿಯ ರಸ್ತೆ ಜಾರುತ್ತದೆ, ಬ್ರೇಕಿನ ಲೈನರು ನೆನೆಯುತ್ತದೆ. ಆಮೇಲೆ ಕಂದಕದ ಅಂಚಿನಲ್ಲಿ ಛತ್ರಿ ಹಿಡಿದು ನಿಂತು ಮಹಜರು ಬರೆಯುವುದಕ್ಕಿಂತ, ಈಗ ಕಚೇರಿಯ ಅಂಗಳದಲ್ಲೇ ಬಾನೆಟ್ ಎತ್ತಿ ನೋಡುವುದು ಎಷ್ಟೋ ಸಲೀಸು.